ಶಾಲು ಬೇಡ, ಒಂದು ಕಾಗದ ಬರೆಯಿರಿ

ಗಿರಿನಗರ, ಆವಲಹಳ್ಳಿ, ಹೊಸಕೆರೆಹಳ್ಳಿ, ಕತ್ರಿಗುಪ್ಪೆಯ ಸುತ್ತಮುತ್ತ ಶಾಲೆ, ಉಚಿತ ವಿದ್ಯಾರ್ಥಿನಿಲಯ, ಅನಾಥಾಶ್ರಮ, ವೃದ್ಧಾಶ್ರಮ, ಸೇವಾ ಟ್ರಸ್ಟುಗಳನ್ನು ನಡೆಸುತ್ತಿರುವ ಆಡಳಿತ ಮಂಡಳಿಯ ಹಿರಿಯರಿಗೆ, ಕಾರ್ಯದರ್ಶಿಗಳಿಗೆ, ಖಜಾಂಚಿಗಳಿಗೆ, ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಸದಸ್ಯರಿಗೆ, ಗಿರಿನಗರದಲ್ಲೇ ವಾಸವಾಗಿರುವ ಒಬ್ಬ ನಿವೃತ್ತ ಅಧ್ಯಾಪಕಿಯ ಪತ್ರ.

ಕೊಟ್ಟವರಿಗೆ ವಂದನೆ ಹೇಳಬೇಕೇ ಬೇಡವೇ ಎಂಬ ವಿಷಯದಲ್ಲಿ ನಿಮ್ಮಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡ ವಾರ್ಷಿಕೋತ್ಸವದ ದಿನ ದಾನಿಗಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿಯನ್ನೂ ನೆನಪಿನ ಕಾಣಿಕೆಯನ್ನೂ ಕೈಗಿತ್ತು ಫೋಟೋ ತೆಗೆಸುತ್ತದೆ. ಇನ್ನೊಂದು ಪಂಗಡ ರಸೀದಿ ಹರಿದು ಕೊಟ್ಟು ಸುಮ್ಮನಾಗುತ್ತದೆ. ಮೊದಲನೆಯವರನ್ನು ಕೇಳಿದರೆ, ಸನ್ಮಾನ ಮಾಡದಿದ್ದರೆ ಮುಂದಿನ ವರ್ಷ ಯಾರು ಕೊಡುತ್ತಾರಮ್ಮ ಎನ್ನುತ್ತಾರೆ. ಎರಡನೆಯವರನ್ನು ಕೇಳಿದರೆ, ದಾನ ಧರ್ಮದ ಕೆಲಸ, ಅದಕ್ಕೆ ಥ್ಯಾಂಕ್ಸ್ ಏಕೆ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಇಬ್ಬರ ಮಾತನ್ನೂ ವರ್ಷಗಟ್ಟಲೆ ಕೇಳಿಸಿಕೊಂಡಿದ್ದೇನೆ. ಇಬ್ಬರ ಮೇಲೂ ನನಗೆ ಗೌರವವಿದೆ, ಏಕೆಂದರೆ ಸಂಬಳವಿಲ್ಲದೆ ಇಂಥ ಕೆಲಸಕ್ಕೆ ಹೆಗಲು ಕೊಡುವವರು ನಮ್ಮ ಬಡಾವಣೆಯಲ್ಲಿ ಎಷ್ಟು ಜನರಿದ್ದಾರೆಂಬುದು ಗೊತ್ತು. ಆದರೂ ಇಬ್ಬರೂ ತಪ್ಪು ದಾರಿಯಲ್ಲಿದ್ದೀರಿ ಎಂದು ನನ್ನ ನಂಬಿಕೆ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಲು ಈ ಪತ್ರ.

ಮೊದಲು ಸುಮ್ಮನಾಗುವವರ ಮಾತು. ಕೊಟ್ಟದ್ದನ್ನು ಎಣಿಸಬಾರದು ಎಂಬ ಉಪದೇಶ ನಮ್ಮಲ್ಲಿ ಹೇರಳವಾಗಿದೆ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರು ಶಿಷ್ಯನನ್ನು ಬೀಳ್ಕೊಡುವಾಗ, ಶ್ರದ್ಧೆಯಿಂದ ಕೊಡು, ಸಂಕೋಚದಿಂದ ಕೊಡು, ಅಳುಕಿನಿಂದ ಕೊಡು ಎನ್ನುತ್ತಾನೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದನ್ನೇ ಸಾತ್ವಿಕ ದಾನ ಎನ್ನುತ್ತದೆ. ಮಾಡಿ ನೀಡುವವನೊಳಗೆ ‘ನಾನು’ ಎಂಬುದು ತಲೆಯೆತ್ತಿದರೆ ಗತಿಯೇನೆಂದು ಬಸವಣ್ಣನವರು ಬಹಳ ಕಠಿಣವಾಗಿಯೇ ಎಚ್ಚರಿಸಿದರು. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ಆ ದಾನವೇ ವ್ಯರ್ಥ ಎಂದು ಕುರ್‌ಆನ್ ಹೇಳುತ್ತದೆ. ನೀವು ಹೇಳುವ ಬಲಗೈ ಎಡಗೈ ಮಾತು ಬೈಬಲ್ಲಿನದು. ಇವೆಲ್ಲ ದೊಡ್ಡ ಮಾತುಗಳೇ. ಆದರೆ ಒಂದನ್ನು ಗಮನಿಸಿ. ಇವಿಷ್ಟೂ ಕೊಡುವವನಿಗೆ ಹೇಳಿದ ಮಾತುಗಳು. ಫಲ ಬಯಸಬೇಡ ಎಂದು ಅವನಿಗೆ ಹೇಳಿದ್ದಾರೆಯೇ ಹೊರತು, ಮರೆತುಬಿಡು ಎಂದು ಪಡೆದವನಿಗೆ ಯಾರೂ ಹೇಳಿಲ್ಲ. ದಾನಿಗೆ ಹೇಳಿದ ವಿನಯದ ಪಾಠವನ್ನು ಸಂಸ್ಥೆ ತನ್ನ ಸೋಮಾರಿತನಕ್ಕೆ ಗುರಾಣಿ ಮಾಡಿಕೊಳ್ಳುವುದು ನ್ಯಾಯವಲ್ಲ.

ಪಡೆದವರು ಏನು ಮಾಡಬೇಕೆಂಬುದಕ್ಕೆ ಈ ನೆಲ ಕಲ್ಲಿನಲ್ಲೇ ಉತ್ತರ ಬರೆದಿಟ್ಟಿದೆ. 1905ರಲ್ಲಿ ಬಿ.ಎಲ್. ರೈಸ್ ಅವರು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಸಂಪುಟ ಹೊರತಂದರು. ಅಂಥ ಸಂಪುಟಗಳಲ್ಲಿರುವ ದಾನಶಾಸನಗಳನ್ನು ಓದಿದರೆ ಅವುಗಳ ಕ್ರಮ ತಿಳಿಯುತ್ತದೆ. ಯಾರು ಕೊಟ್ಟರು, ಯಾವ ದಿನ ಕೊಟ್ಟರು, ಎಷ್ಟು ಗದ್ದೆ, ಎಷ್ಟು ಬೆದ್ದಲು, ಮೂಡಲಿಗೆ ಯಾವ ಕಲ್ಲು, ಪಡುವಲಿಗೆ ಯಾವ ಮರ, ಯಾವ ಕೆಲಸಕ್ಕೆ ಕೊಟ್ಟದ್ದು, ಯಾರ ಎದುರಿಗೆ ಕೊಟ್ಟದ್ದು. ಕೊನೆಗೆ ಶಾಪ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ಹೊಗಳಿಕೆ ಇರುವುದಿಲ್ಲವೆಂದಲ್ಲ, ಕೆಲವು ಶಾಸನಗಳಲ್ಲಿ ರಾಜನ ಬಿರುದಾವಳಿಯೇ ಅರ್ಧ ಕಲ್ಲು ತುಂಬಿರುತ್ತದೆ. ಆದರೆ ಶಾಸನದ ನಿಜವಾದ ಕೆಲಸ ಆ ವಿವರಗಳಲ್ಲಿದೆ. ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದೇ ಹೆಚ್ಚಿನ ಪುಣ್ಯ ಎಂದು ಆ ಕಲ್ಲುಗಳು ಮತ್ತೆ ಮತ್ತೆ ಹೇಳುತ್ತವೆ. ಪಾಲಿಸುವವರು ಯಾರು? ಅಂದು ದೇವಸ್ಥಾನದ ಸ್ಥಾನಿಕರು, ಅಗ್ರಹಾರದ ಮಹಾಜನರು, ಬಸದಿಯ ಆಚಾರ್ಯರು. ಇಂದು ಆ ಸ್ಥಾನದಲ್ಲಿ ಕುಳಿತಿರುವವರು ನೀವು.

ಕನ್ನಡ ಸಾಹಿತ್ಯದಲ್ಲೂ ಇದಕ್ಕೆ ಒಂದು ನಿದರ್ಶನವಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ದಾನಚಿಂತಾಮಣಿ ಎಂದಿತು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಮುಗಿಸಿ ಅದರಲ್ಲೇ ಅವಳ ಗುಣಗಳನ್ನು ವಿವರಿಸಿದ. 1007ರ ಹೊತ್ತಿಗೆ ಅವಳು ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದಳು, ಅಲ್ಲಿನ ಶಾಸನವೂ ಅವಳನ್ನು ಸ್ಮರಿಸುತ್ತದೆ. ಸಾವಿರ ವರ್ಷ ಕಳೆದರೂ ನಾವು ಅವಳ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದ್ದೇವೆ. ರನ್ನ ಅವಳಿಗೆ ಸಲ್ಲಿಸಿದ ದೊಡ್ಡ ವಂದನೆ ಯಾವುದೆಂದು ಕೇಳಿದರೆ, ಹೊಗಳಿದ ಪದ್ಯಗಳಿಗಿಂತ ಮೊದಲು, ಒಪ್ಪಿಕೊಂಡ ಕಾವ್ಯವನ್ನು ಚೆನ್ನಾಗಿ ಬರೆದು ಮುಗಿಸಿದ್ದು ಎಂದು ಹೇಳುತ್ತೇನೆ. ಆಶ್ರಯ ಕೊಟ್ಟವಳಿಗೆ ತನ್ನ ಆಶ್ರಯದಿಂದ ಏನಾಯಿತೆಂಬುದು ಕಣ್ಣೆದುರಿಗೇ ಇತ್ತು.

ಇನ್ನು ನಮ್ಮ ಊರಿನ ಹತ್ತಿರದ ಹೆಸರುಗಳಿಗೆ ಬರೋಣ. ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬೆಂಗಳೂರು ರೈಲ್ವೆ ನಿಲ್ದಾಣದ ಎದುರು ಶುರುವಾಯಿತು. ಬಡ ವಿದ್ಯಾರ್ಥಿಗಳಿಗೆ ಅವರ ಧರ್ಮಸಂಸ್ಥೆಯ ಹಾಸ್ಟೆಲ್ ಆಸರೆಯಾಯಿತು. ಕಲಾಸಿಪಾಳ್ಯದ ಕಡೆ ಶಾಲೆ ಕಟ್ಟಿಸಿದ ದೊಡ್ಡಣ್ಣ ಶೆಟ್ಟರ ಹೆಸರಿನ ಹಿಂದೆ ‘ಜನೋಪಕಾರಿ’ ಎಂಬುದು ಅಂಟಿಕೊಂಡೇ ಉಳಿಯಿತು. ವಿಶ್ವೇಶ್ವರಪುರದ ಸಜ್ಜನ್ ರಾವ್ ಅವರದು ದೇವಸ್ಥಾನ, ಛತ್ರ, ಶಾಲೆ. ಸಂಜೆ ಅವರೆಬೇಳೆ ಹೋಳಿಗೆ ತಿನ್ನಲು ಹೋಗುವ ಹುಡುಗರೂ ಸಜ್ಜನ್ ರಾವ್ ಸರ್ಕಲ್ ಎಂದೇ ಆಟೋದವರಿಗೆ ಹೇಳುತ್ತಾರೆ. ಈ ಹೆಸರುಗಳು ಉಳಿದಿರುವುದು ಅಂದು ಯಾರೋ ಹಾರ ಹಾಕಿದ್ದರಿಂದಲ್ಲ. ಕೊಟ್ಟದ್ದು ಯಾವ ಕೆಲಸಕ್ಕೋ ಆ ಕೆಲಸ ನಡೆಯುತ್ತಾ ಬಂದದ್ದರಿಂದ. ಛತ್ರದಲ್ಲಿ ಮಲಗಿ ಎದ್ದ ಪ್ರಯಾಣಿಕ, ಹಾಸ್ಟೆಲಿನಲ್ಲಿ ಓದಿ ನೌಕರಿ ಹಿಡಿದ ಹುಡುಗ ಹೆಸರನ್ನು ಊರಿಂದ ಊರಿಗೆ ಒಯ್ದರು.

ಜೆಮ್‌ಷೆಡ್‌ಜಿ ಟಾಟಾ ಅವರದು ಇನ್ನೂ ಸೊಗಸಾದ ಪ್ರಸಂಗ. ವಿಜ್ಞಾನ ಸಂಶೋಧನೆಗೆ ಒಂದು ದೊಡ್ಡ ಸಂಸ್ಥೆ ಬೇಕೆಂದು ತಮ್ಮ ಆಸ್ತಿಯ ದೊಡ್ಡ ಪಾಲನ್ನು ಎತ್ತಿಟ್ಟರು. ಅದಕ್ಕೆ ತಮ್ಮ ಹೆಸರಿಡುವುದು ಬೇಡ ಎಂದರು. ಸಂಸ್ಥೆ ಹುಟ್ಟುವುದನ್ನು ನೋಡದೆ 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಹೆಸರಿನಲ್ಲಿ ಟಾಟಾ ಇಲ್ಲ. ಆದರೆ ಬೆಂಗಳೂರಿನ ಜನ ಮೊದಲಿಂದಲೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು, ಬಸ್ಸಿನ ಕಂಡಕ್ಟರೂ ಹಾಗೆಯೇ ಕೂಗಿದರು. ದಾನಿ ಬೇಡವೆಂದ ಗೌರವವನ್ನು ಊರು ತಾನಾಗಿ ಕೊಟ್ಟಿತು. ಅದೇ ಸಂಸ್ಥೆಗೆ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಆಸ್ಪತ್ರೆಗಾಗಿ 425 ಕೋಟಿ ರೂಪಾಯಿ ಕೊಟ್ಟಾಗ ಆಸ್ಪತ್ರೆಗೆ ಅವರ ಹೆಸರಿಡುವುದೆಂದಾಯಿತು. ಅದೂ ತಪ್ಪಲ್ಲ. ಬಾಗಿಲಲ್ಲಿ ಒಂದು ಹೆಸರಿರುವುದರಿಂದ ರೋಗಿಗೆ ಆಗುವ ನಷ್ಟವೇನಿಲ್ಲ, ಇನ್ನೊಬ್ಬ ಶ್ರೀಮಂತನಿಗೆ ಅದನ್ನು ನೋಡಿ ಕೊಡಬೇಕೆನ್ನಿಸಿದರೆ ಒಳ್ಳೆಯದೇ. ಹೆಸರು ಬರೆಸಬೇಕೇ ಬೇಡವೇ ಎಂಬುದು ದಾನಿಯ ಮನೋಧರ್ಮಕ್ಕೆ ಬಿಟ್ಟ ಸಂಗತಿ. ಅದಕ್ಕಿಂತ ನನಗೆ ಚಿಂತೆ ತಂದಿರುವುದು ಬೇರೆಯೇ ಇದೆ.

ಗಿರಿನಗರದ ಆಸುಪಾಸಿನ ವಿದ್ಯಾರ್ಥಿನಿಲಯಗಳಿಗೆ, ಆಶ್ರಮಗಳಿಗೆ ಜನ ಹೆಚ್ಚಾಗಿ ಕೊಡುವುದು ಊಟದ ರೂಪದಲ್ಲಿ. ಮಗನ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಅಪ್ಪನ ತಿಥಿ, ಪಿತೃಪಕ್ಷ, ರಾಮನವಮಿ. ಒಂದು ಹೊತ್ತಿನ ಊಟಕ್ಕೆ ಇಷ್ಟು, ಪಾಯಸ ಸೇರಿದರೆ ಇಷ್ಟು ಎಂದು ದರಪಟ್ಟಿ ಇರುತ್ತದೆ. ಕೊಡುವವರ ಭಾವನೆ ನಿಜವಾಗಿಯೂ ಒಳ್ಳೆಯದು. ಅಪ್ಪನ ನೆನಪಿಗೆ ನಾಲ್ಕು ಮಕ್ಕಳು ಹೊಟ್ಟೆ ತುಂಬ ಉಣ್ಣಲಿ ಎನ್ನುವುದಕ್ಕಿಂತ ಚೆಂದದ ಶ್ರಾದ್ಧ ಯಾವುದಿದೆ! ಆದರೆ ಊಟದ ಮನೆಯಲ್ಲಿ ಏನಾಗುತ್ತದೆ ನೋಡಿ. ಎಲೆ ಹಾಕಿ, ಬಡಿಸಿ, ಮಕ್ಕಳು ಕೈಕಟ್ಟಿ ಕಾಯುತ್ತವೆ. ದಾನಿಗಳ ಕುಟುಂಬ ಬರುವುದು ತಡ. ಬಂದ ಮೇಲೆ ವಾರ್ಡನ್ ಹೆಸರು ಓದುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತವೆ, ಗುರುತಿಲ್ಲದ ಹುಡುಗನಿಗೆ ಹ್ಯಾಪಿ ಬರ್ತ್‌ಡೇ ಹಾಡುತ್ತವೆ. ಒಬ್ಬ ಬಾಲಕನನ್ನು ಎಬ್ಬಿಸಿ ‘ನಿಮ್ಮ ಉಪಕಾರ ಮರೆಯುವುದಿಲ್ಲ’ ಎಂದು ಹೇಳಿಸುತ್ತಾರೆ. ಮೊಬೈಲುಗಳು ಮೇಲೇಳುತ್ತವೆ. ಸಾರು ಆರಿಹೋಗುತ್ತದೆ. ಒಂದು ಕಡೆ ಇದನ್ನು ಕಣ್ಣಾರೆ ನೋಡಿದೆ, ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಆ ದಿನ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗಿಯ ಹುಟ್ಟುಹಬ್ಬ ಯಾವತ್ತು ಎಂದು ಯಾರಿಗಾದರೂ ಗೊತ್ತಿತ್ತೇ?

ಹಳೆಯ ಬೆಂಗಳೂರು, ಮೈಸೂರುಗಳಲ್ಲಿ ವಾರಾನ್ನದ ಪದ್ಧತಿ ಇತ್ತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಹೀಗೆ ವಾರ ಪೂರ್ತಿ ಉಂಡು ಕಾಲೇಜು ಮುಗಿಸುತ್ತಿದ್ದ. ಎಲ್ಲ ಜಾತಿಯ ಮಕ್ಕಳಿಗೂ ಆ ಬಾಗಿಲು ತೆರೆದಿರಲಿಲ್ಲ, ಜಾತಿವಾರು ಹಾಸ್ಟೆಲುಗಳು ಹುಟ್ಟುವುದಕ್ಕೆ ಅದೂ ಒಂದು ಕಾರಣ. ವಾರಾನ್ನದಲ್ಲಿ ಓದಿ ಮೇಲೆ ಬಂದವರು ತಮ್ಮ ಆತ್ಮಕಥೆಗಳಲ್ಲಿ ಎರಡು ಬಗೆಯ ಮನೆಗಳನ್ನು ನೆನೆಯುತ್ತಾರೆ. ಮನೆಯ ಮಕ್ಕಳ ಪಂಕ್ತಿಯಲ್ಲೇ ಕೂರಿಸಿ, ಪರೀಕ್ಷೆ ಯಾವಾಗ ಎಂದು ಕೇಳಿ, ಇನ್ನೊಂದು ತುತ್ತು ಹಾಕಿದ ಮನೆ ಒಂದು. ಅನ್ನದ ಋಣವನ್ನು ಪ್ರತಿ ವಾರ ಎತ್ತಿ ಆಡಿದ ಮನೆ ಇನ್ನೊಂದು. ಮೊದಲನೆಯ ಮನೆಯವರು ವಂದನೆ ಕೇಳಲಿಲ್ಲ, ಅವರಿಗೆ ಜೀವಮಾನವಿಡೀ ಸಂದಿತು. ಎರಡನೆಯ ಮನೆಯವರು ಬಾಯಿಬಿಟ್ಟು ಕೇಳಿ ಪಡೆದರು, ಜೊತೆಗೆ ಆ ಹುಡುಗನ ಮನಸ್ಸಿನಲ್ಲಿ ಮಾಯದ ಗಾಯವನ್ನೂ ಉಳಿಸಿದರು.

ಆದ್ದರಿಂದ ನನ್ನ ಮೊದಲ ಬೇಡಿಕೆ: ಮಕ್ಕಳಿಂದ ಕೃತಜ್ಞತೆ ಹೇಳಿಸಬೇಡಿ. ಅನ್ನ, ಪುಸ್ತಕ, ಓದು ಮಗುವಿಗೆ ಸಲ್ಲಬೇಕಾದ್ದು. ಅದು ತನಗೆ ಸಿಗದೆ ಇದ್ದದ್ದು ಮಗುವಿನ ತಪ್ಪಲ್ಲ, ಸಿಕ್ಕಿದ್ದಕ್ಕೆ ಅದು ಯಾರಿಗೂ ತಲೆಬಾಗಬೇಕಾಗಿಲ್ಲ. ಕಾನೂನೂ ನಿಮ್ಮ ಕಡೆ ನೋಡುತ್ತಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ತಿಳಿಯುವಂತೆ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವುದು ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ದಾನಿಗಳ ಜೊತೆ ಆಶ್ರಮದ ಮಕ್ಕಳನ್ನು ನಿಲ್ಲಿಸಿ ತೆಗೆದ ಫೋಟೋ ಫೇಸ್‌ಬುಕ್ಕಿಗೂ ವಾಟ್ಸ್ಆ್ಯಪ್ ಗುಂಪುಗಳಿಗೂ ಹೋಗುವ ಮೊದಲು ನಿಮ್ಮ ಕಾರ್ಯದರ್ಶಿಗಳು ಈ ಕಲಮನ್ನು ಒಮ್ಮೆ ಓದಲಿ.

ಸ್ವಾಮಿ ವಿವೇಕಾನಂದರು ಕರ್ಮಯೋಗದ ಉಪನ್ಯಾಸಗಳಲ್ಲಿ ಇದೇ ದಿಕ್ಕಿನಲ್ಲಿ ಮಾತನಾಡಿದರು. ಎತ್ತರದಲ್ಲಿ ನಿಂತು ಬಡವನಿಗೆ ಕಾಸು ಎಸೆಯಬೇಡ, ಕೊಡುವ ಅವಕಾಶ ಕೊಟ್ಟದ್ದಕ್ಕೆ ಅವನಿಗೇ ಕೃತಜ್ಞನಾಗಿರು ಎಂಬುದು ಅವರ ಮಾತಿನ ಸಾರ. ಗಾಯಕಿ ಎಮ್ಮಾ ಕಾಲ್ವೆ ಹೇಳಿದ್ದೆಂದು ಉಳಿದುಬಂದಿರುವ ಒಂದು ನೆನಪೂ ಉಂಟು. ಅದರಂತೆ ಶ್ರೀಮಂತ ರಾಕ್‌ಫೆಲ್ಲರ್, ತಾನು ದೊಡ್ಡ ಮೊತ್ತ ದಾನ ಮಾಡುವ ಯೋಜನೆಯ ಕಾಗದವನ್ನು ಸ್ವಾಮೀಜಿಯ ಮೇಜಿನ ಮೇಲೆ ಹಾಕಿ, ಈಗ ನನಗೆ ವಂದನೆ ಹೇಳಬಹುದಲ್ಲ ಎಂದನಂತೆ. ಸ್ವಾಮೀಜಿ ಅದನ್ನು ಓದಿ, ವಂದಿಸಬೇಕಾದವರು ನೀವು ಎಂದರಂತೆ. ನಮ್ಮಲ್ಲಿ ಅನೇಕರು ಬಾಲ್ಯದಿಂದ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮಕ್ಕೆ ಹೋಗಿಬಂದವರು. ಈ ಮಾತು ನಮಗೆ ಹೊಸದಾಗಿರಬಾರದು.

ಹಾಗಾದರೆ ಸುಮ್ಮನಿರುವ ಪಂಗಡವೇ ಸರಿಯಾಯಿತಲ್ಲ ಎಂದು ನೀವು ಕೇಳಬಹುದು. ಇಲ್ಲ. ಕೊಡುವವರಿಗೂ ಮಗುವಿಗೂ ನಡುವೆ ನೀವಿದ್ದೀರಿ. ಹಣ ನಿಮ್ಮ ಕೈಗೆ ಬಂದದ್ದು ನಂಬಿಕೆಯ ಮೇಲೆ. ಆ ನಂಬಿಕೆಗೆ ಉತ್ತರ ಹೇಳಬೇಕಾದವರು ಮಗುವಲ್ಲ, ನೀವು. ಸಂಸ್ಥೆ ದಾನಿಗೆ ಸಲ್ಲಿಸಬೇಕಾದ ವಂದನೆ ಎಂದರೆ ‘ನೀವು ಕೊಟ್ಟದ್ದು ಬಂದು ಸೇರಿತು, ಅದರಿಂದ ಹೀಗಾಯಿತು’ ಎಂಬ ಮಾತು. ಅದು ಸಾಲದೆಂದು ನಿಮಗನ್ನಿಸಿದರೆ, ಆ ಮಾತನ್ನು ಕೇಳದೆಯೇ ಹೋದವರನ್ನು ಒಮ್ಮೆ ನೆನೆಯಿರಿ.

ನಮ್ಮ ಬೀದಿಗಳಲ್ಲಿ ಯಾರು ಕೊಡುತ್ತಿದ್ದಾರೆ? ವೇದಿಕೆ ಹತ್ತುವ ಐದಾರು ಜನರನ್ನು ಬಿಡಿ. ಪಿಂಚಣಿಯಲ್ಲಿ ತಿಂಗಳಿಗೆ ಇಷ್ಟೆಂದು ಎತ್ತಿಡುವ ನಿವೃತ್ತ ಬ್ಯಾಂಕ್ ನೌಕರರು, ಮೇಷ್ಟ್ರುಗಳು. ಮೊದಲ ಸಂಬಳ ಬಂದ ದಿನ ಯುಪಿಐನಲ್ಲಿ ಸಾವಿರ ರೂಪಾಯಿ ಕಳಿಸುವ ಸಾಫ್ಟ್‌ವೇರ್ ಹುಡುಗಿ. ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ಬದುಕುವ, ನನಗೆ ಪರಿಚಯದ ಒಬ್ಬ ಹೆಂಗಸು ತನ್ನ ಮಗ ಓದಿದ ಶಾಲೆಗೆ ಪ್ರತಿ ವರ್ಷ ಜೂನ್‌ನಲ್ಲಿ ಒಂದು ಡಜನ್ ನೋಟ್‌ಬುಕ್ಕು ಕೊಟ್ಟು ಬರುತ್ತಾಳೆ. ಇವರಿಗೆ ಶಾಲು ಇಲ್ಲ, ಆಮಂತ್ರಣ ಪತ್ರಿಕೆಯೂ ಇಲ್ಲ. ಅವರು ಅದನ್ನು ಬಯಸಿಯೂ ಇಲ್ಲ. ಆದರೆ ಒಂದು ಡಜನ್ ನೋಟ್‌ಬುಕ್ಕು ಯಾವ ಮಗುವಿನ ಚೀಲ ಸೇರಿತು ಎಂಬ ಕುತೂಹಲ ಆ ತಾಯಿಗೆ ಇರುವುದಿಲ್ಲವೇ? ಕೊಟ್ಟವರು ಇನ್ನೂ ಕೊಡಲಿ ಎಂಬುದಕ್ಕಲ್ಲ, ಮನುಷ್ಯರು ಮನುಷ್ಯರಿಗೆ ಮಾಡಿದ್ದನ್ನು ಗಮನಿಸಿದೆವು ಎಂದು ತಿಳಿಸುವುದಕ್ಕೆ ಕಾಗದ ಬೇಕು.

‘ಇನ್ನೂ ಕೊಡಲಿ’ ಎಂಬ ಲೆಕ್ಕಾಚಾರದ ವಂದನೆಯ ಬಗ್ಗೆ ಒಂದು ಸಂಗತಿ ನಿಮ್ಮ ಗಮನಕ್ಕೆ ತರಬೇಕು. ಅಮೆರಿಕದಲ್ಲಿ ಆನ್ಯಾ ಸಾಮೆಕ್ ಮತ್ತು ಚಕ್ ಲಾಂಗ್‌ಫೀಲ್ಡ್ ಎಂಬ ಇಬ್ಬರು ಸಾರ್ವಜನಿಕ ಟಿವಿ ಕೇಂದ್ರಗಳ ಮತ್ತು ಒಂದು ದೊಡ್ಡ ಸೇವಾಸಂಸ್ಥೆಯ ದಾನಿಗಳ ಮೇಲೆ ಪ್ರಯೋಗ ನಡೆಸಿ 2023ರಲ್ಲಿ ಪ್ರಕಟಿಸಿದರು. ಲಕ್ಷಾಂತರ ದಾನಿಗಳಲ್ಲಿ ಕೆಲವರಿಗೆ ಧನ್ಯವಾದದ ಫೋನ್ ಕರೆ ಮಾಡಿಸಿದರು, ಕೆಲವರಿಗೆ ಮಾಡಿಸಲಿಲ್ಲ. ಕರೆ ಬಂದವರು ಮುಂದಿನ ವರ್ಷ ಹೆಚ್ಚು ಕೊಡುತ್ತಾರೆಂದು ಈ ಕ್ಷೇತ್ರದ ಪರಿಣತರು ಊಹಿಸಿದ್ದರು. ಕರೆಯಿಂದ ದಾನದಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ಇನ್ನೊಂದು ಬದಿಯ ಪ್ರಯೋಗವೂ ಇದೆ. 2010ರಲ್ಲಿ ಆ್ಯಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜೀನೊ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯಕ್ಕಾಗಿ ದೇಣಿಗೆ ಸಂಗ್ರಹಿಸುವ ಕೆಲಸಗಾರರಿಗೆ ನಿರ್ದೇಶಕರು ಎದುರಿಗೆ ಬಂದು ವಂದನೆ ಹೇಳಿದಾಗ ಅವರು ಮಾಡಿದ ಕರೆಗಳು ಅರ್ಧಕ್ಕಿಂತಲೂ ಹೆಚ್ಚು ಪಾಲು ಏರಿದವು. ಮೊದಲನೆಯದು ಬಾಡಿಗೆಯ ದನಿಯಲ್ಲಿ ಬಂದ ಕರೆ, ಎರಡನೆಯದು ಜೊತೆಗೆ ಕೆಲಸ ಮಾಡುವವರ ಬಾಯಿಂದ ಬಂದ ಮಾತು ಎಂದು ನನಗೆ ತೋರುತ್ತದೆ. ಏನಿದ್ದರೂ, ಸನ್ಮಾನ ಮಾಡದಿದ್ದರೆ ದುಡ್ಡು ಬರುವುದಿಲ್ಲ ಎಂಬ ಭಯದಿಂದ ಶಾಲು ಕೊಳ್ಳುವವರು ಆ ಖರ್ಚಿನ ಬಗ್ಗೆ ಇನ್ನೊಮ್ಮೆ ಯೋಚಿಸಬಹುದು. ಶಾಲು, ಹಾರ, ಫಲಕ, ವೇದಿಕೆ, ಧ್ವನಿವರ್ಧಕದ ಬಾಡಿಗೆ ಎಲ್ಲ ಸೇರಿ ಎಷ್ಟು ಮಕ್ಕಳ ಒಂದು ವರ್ಷದ ಪಠ್ಯಪುಸ್ತಕದ ಹಣ ಎಂದು ನಿಮ್ಮ ಖಜಾಂಚಿಗಳು ಸಭೆಯಲ್ಲಿ ಓದಿ ಹೇಳಲಿ.

ರಸೀದಿ ಕೊಟ್ಟೆವಲ್ಲ ಎನ್ನುವವರಿಗೆ ಒಂದು ಮಾತು. 80ಜಿ ರಸೀದಿ ತೆರಿಗೆ ಇಲಾಖೆಗೆ ಸಂಬಂಧಿಸಿದ್ದು. 2021-22ರ ಹಣಕಾಸು ವರ್ಷದಿಂದ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಸಲ್ಲಿಸಿ, ಪ್ರತಿ ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕಾಯಿತು. ನಗದಾಗಿ ಕೊಟ್ಟದ್ದು 2,000 ರೂಪಾಯಿ ದಾಟಿದರೆ ತೆರಿಗೆ ವಿನಾಯಿತಿ ಇಲ್ಲ. ಇವೆಲ್ಲ ಬೇಕಾದ ಶಿಸ್ತುಗಳೇ. ಆದರೆ ಕಾನೂನಿಗೆ ಹೆದರಿ ಕೊಟ್ಟ ಕಾಗದವನ್ನು ಕೃತಜ್ಞತೆ ಎಂದು ತಿಳಿಯಬೇಡಿ. ನೋಟ್‌ಬುಕ್ಕು ಕೊಟ್ಟ ತಾಯಿಗೆ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಆ ಕಾಗದವೂ ಅವಳ ಮನೆಗೆ ಬರುವುದಿಲ್ಲ.

ನಾನು ಕೇಳುವ ಕಾಗದ ಹೀಗಿರಲಿ. ‘ಅಮ್ಮಾ, ಜೂನ್‌ನಲ್ಲಿ ನೀವು ತಂದುಕೊಟ್ಟ ಹನ್ನೆರಡು ನೋಟ್‌ಬುಕ್ಕುಗಳನ್ನು ಐದನೇ ತರಗತಿಯ ನಾಲ್ಕು ಮಕ್ಕಳಿಗೆ ಕೊಟ್ಟೆವು. ಗಣಿತಕ್ಕೆ ಚೌಕಳಿ ಪುಸ್ತಕ ಸಾಲದೆ ಬಂತು, ಮುಂದಿನ ಸಲ ನಿಮಗೆ ಅನುಕೂಲವಿದ್ದರೆ ಅದನ್ನೇ ತನ್ನಿ. ಶಾಲೆಯ ಕಡೆ ಬಂದಾಗ ಒಳಗೆ ಬನ್ನಿ.’ ಇಷ್ಟೇ. ಕೆಳಗೆ ಮುಖ್ಯೋಪಾಧ್ಯಾಯರ ಸಹಿ. ಇದರಲ್ಲಿ ಹೊಗಳಿಕೆ ಇಲ್ಲ, ಮಕ್ಕಳ ಹೆಸರಿಲ್ಲ, ನಾಟಕವಿಲ್ಲ. ಕೊಟ್ಟದ್ದು ಎಲ್ಲಿಗೆ ಹೋಯಿತೆಂಬುದು ಇದೆ, ಮುಂದೆ ಏನು ಬೇಕೆಂಬುದೂ ಇದೆ. ದೊಡ್ಡ ದಾನಿಗೂ ಇದೇ ಧಾಟಿಯ ಕಾಗದ ಹೋಗಲಿ. ‘ನೀವು ಕೊಟ್ಟ ಹಣದಲ್ಲಿ ಶೌಚಾಲಯ ಕಟ್ಟಿದೆವು, ನೀರಿನ ಸಂಪರ್ಕ ಇನ್ನೂ ಬಂದಿಲ್ಲ, ಬೀಗ ಹಾಕಿದೆ’ ಎಂದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ಆಗಿಲ್ಲದ್ದನ್ನು ಆಗಿಲ್ಲವೆಂದು ಹೇಳಿದರೆ ದಾನಿ ಕೋಪಿಸಿಕೊಳ್ಳುತ್ತಾರೆಂಬ ಅಳುಕು ಬೇಡ. ಕೋಪಿಸಿಕೊಂಡರೂ ಆ ಕೋಪವನ್ನು ಎದುರಿಸುವುದು ಪಾಲಿಸುವವರ ಪಾಲಿನ ಕೆಲಸ.

ವಸ್ತುಗಳ ದಾನದಲ್ಲೂ ನೇರವಾಗಿರಿ. ಮನೆ ಬದಲಾಯಿಸುವಾಗ ಉಳಿದ ಕೈಕಾಲು ಮುರಿದ ಕುರ್ಚಿ, ಹರಿದ ಗೈಡು, ಕೀಲಿ ಕಿತ್ತ ಕಂಪ್ಯೂಟರ್ ತಂದು ಸರ್ಕಾರಿ ಶಾಲೆಯ ಬಾಗಿಲಲ್ಲಿ ಇಳಿಸಿ ಹೋಗುವವರಿದ್ದಾರೆ. ಅದನ್ನು ದಾಸ್ತಾನು ಪುಸ್ತಕಕ್ಕೆ ಏರಿಸಿ, ಒಂದು ಕೋಣೆಯಲ್ಲಿ ಪೇರಿಸಿ, ಮೇಲೆ ವಂದನೆಯನ್ನೂ ಹೇಳಬೇಕಾದ ಕಷ್ಟ ಹೆಡ್‌ಮೇಷ್ಟ್ರದು. ‘ನಿಮ್ಮ ಮನಸ್ಸು ದೊಡ್ಡದು, ಆದರೆ ಇದು ನಮ್ಮ ಮಕ್ಕಳಿಗೆ ಉಪಯೋಗಕ್ಕೆ ಬರುವುದಿಲ್ಲ’ ಎಂದು ಹೇಳುವ ಧೈರ್ಯವನ್ನು ಎಸ್‌ಡಿಎಂಸಿಯವರು ಅವರಿಗೆ ಕೊಡಬೇಕು. ಕಂಪನಿಗಳ ಹಣದ ವಿಷಯದಲ್ಲೂ ವಿವೇಕ ಇರಲಿ. 2013ರ ಕಂಪನಿ ಕಾಯ್ದೆಯ 135ನೇ ಕಲಮು ಒಂದು ಮಟ್ಟ ಮೀರಿದ ಕಂಪನಿಗಳು ಸರಾಸರಿ ಲಾಭದ ಶೇಕಡಾ ಎರಡರಷ್ಟು ಪಾಲನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. ಆ ಹಣಕ್ಕೆ ವರದಿ ಕೊಡಿ, ಮರ್ಯಾದೆಯಿಂದ ಮಾತನಾಡಿ. ಶನಿವಾರ ಬಂದು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟ ಅದೇ ಕಂಪನಿಯ ನೌಕರನಿಗೆ ಮಾತ್ರ ಕೈಬರಹದ ಕಾಗದ ಬರೆಯಿರಿ, ಅವನು ಕೊಟ್ಟದ್ದು ಯಾವ ಕಲಮಿನಲ್ಲೂ ಇಲ್ಲ.

ಸೀಟು ಕೊಡುವಾಗ ಪೋಷಕರಿಂದ ವಸೂಲಿ ಮಾಡಿ ಅದನ್ನು ದೇಣಿಗೆ ಎಂದು ಕರೆಯುವ ಖಾಸಗಿ ಶಾಲೆಗಳಿಗೆ ಈ ಪತ್ರದಲ್ಲಿ ಜಾಗವಿಲ್ಲ. ಕರ್ನಾಟಕದಲ್ಲಿ 1984ರಿಂದಲೇ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆಯಿದೆ, ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ವಸೂಲಿಯ ಹತ್ತು ಪಟ್ಟಿನವರೆಗೆ ದಂಡ ವಿಧಿಸುತ್ತದೆ. ಅಲ್ಲಿ ವಂದನೆಯ ಪ್ರಶ್ನೆಯೇ ಹುಟ್ಟುವುದಿಲ್ಲ.

ಕೊಟ್ಟವರಿಗೆ ಸಲ್ಲುವ ನಿಜವಾದ ವಂದನೆಗೆ ಒಂದು ಉದಾಹರಣೆ ಹೇಳುತ್ತೇನೆ. ಕೊಪ್ಪಳದ ಹತ್ತಿರ ಕುಣಿಕೇರಿಯಲ್ಲಿ ಹುಚ್ಚಮ್ಮ ಚೌದ್ರಿ ಎಂಬ ತಾಯಿ ಇದ್ದಾರೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಕೂಲಿಯೇ ಜೀವನ. ಇದ್ದ ಎರಡು ಎಕರೆ ಜಮೀನನ್ನು ಊರ ಸರ್ಕಾರಿ ಶಾಲೆಗೆ ಕೊಟ್ಟರು. ಆಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಮಾಡಿದರು. ರಾಜ್ಯೋತ್ಸವ ಪ್ರಶಸ್ತಿಯೂ ಅವರಿಗೆ ಬಂತು, ಬರಬೇಕಾದ್ದೇ. ಆದರೆ ತಾನು ಕೊಟ್ಟ ನೆಲದ ಮೇಲೆ ಮಕ್ಕಳು ಓದುವುದನ್ನೂ ಆಡುವುದನ್ನೂ ದಿನವೂ ನೋಡುತ್ತಾ ಅವಕ್ಕೆ ಬಡಿಸುವ ಭಾಗ್ಯ ಪ್ರಶಸ್ತಿಗೆ ಮುಂಚೆಯೇ ಅವರಿಗೆ ಸಿಕ್ಕಿತ್ತು. ದಾನಿಯನ್ನು ವರ್ಷಕ್ಕೊಮ್ಮೆ ವೇದಿಕೆಗೆ ಕರೆಯುವ ಬದಲು ಶಾಲೆಯ ದಿನನಿತ್ಯದ ಬದುಕಿಗೆ ಕರೆದರೆ ಆಗುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಕಿಲ್ಲ. ಗಿರಿನಗರದಲ್ಲಿ ಹಣಕ್ಕಿಂತ ಸಮಯ ಹೆಚ್ಚಿರುವ ಹಿರಿಯರು ಬೇಕಾದಷ್ಟಿದ್ದಾರೆ. ಅವರನ್ನು ಗ್ರಂಥಾಲಯದ ಪುಸ್ತಕಗಳಿಗೆ ಬೈಂಡು ಹಾಕಲು ಕರೆಯಿರಿ, ಕನ್ನಡ ಓದಿಸಲು ಕರೆಯಿರಿ, ಹುಟ್ಟುಹಬ್ಬದ ಊಟ ಕೊಟ್ಟವರನ್ನು ಬಡಿಸಲು ಕರೆಯಿರಿ. ಮೊಬೈಲು ಜೇಬಿನಲ್ಲಿರಲಿ. ಮಕ್ಕಳು ಮೊದಲು ಉಣ್ಣಲಿ, ಬಂದವರು ಅವರ ಪಂಕ್ತಿಯಲ್ಲೇ ಕೂತು ಉಣ್ಣಲಿ.

ದಾನಿಗಳಿಗೂ ಒಂದು ವಿನಂತಿ, ಈ ಪತ್ರ ಅವರ ಕಣ್ಣಿಗೂ ಬೀಳಬಹುದು. ಶಾಲು ಹೊದಿಸಲು ಬಂದರೆ ಬೇಡವೆನ್ನಿ. 1970ರಲ್ಲಿ ಡಿ.ವಿ. ಗುಂಡಪ್ಪನವರಿಗೆ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನ ನಡೆದಾಗ, ಅರ್ಪಿಸಿದ ನಿಧಿಯನ್ನು ಅವರು ಪೂರ್ತಿಯಾಗಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಆ ಸಂಸ್ಥೆ ನಮ್ಮಿಂದ ಎಷ್ಟು ದೂರದಲ್ಲಿದೆ? ನರಸಿಂಹರಾಜ ಕಾಲೋನಿಗೆ ಗಿರಿನಗರದಿಂದ ನಡೆದೇ ಹೋಗಬಹುದು. ಕಾಗದ ಬರದಿದ್ದರೆ ಮಾತ್ರ ಸಂಕೋಚವಿಲ್ಲದೆ ಕೇಳಿ. ಹೊಗಳಿಕೆ ಕೇಳುವುದು ಬೇರೆ, ಕೊಟ್ಟದ್ದು ಏನಾಯಿತೆಂದು ಕೇಳುವುದು ಬೇರೆ. ಎರಡನೆಯದನ್ನು ಕೇಳುವ ದಾನಿ ಸಂಸ್ಥೆಗೆ ಉಪಕಾರವನ್ನೇ ಮಾಡುತ್ತಾರೆ.

ಇಷ್ಟು ಕಾಗದ ಬರೆಯಲು ನಮ್ಮಲ್ಲಿ ಜನವೆಲ್ಲಿ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರೇ ಗುಮಾಸ್ತರಿರುವವರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಮಾರ್ಚ್ 31ಕ್ಕೆ ಲೆಕ್ಕ ಮುಚ್ಚುತ್ತೀರಿ. ಮೇ ಮುಗಿಯುವುದರೊಳಗೆ ದಾನಿಗಳ ಪಟ್ಟಿ ಹೇಗೂ ತಯಾರಾಗುತ್ತದೆ. ಆ ಪಟ್ಟಿಗೆ ನೋಟ್‌ಬುಕ್ಕು, ಅಕ್ಕಿ, ಬೇಳೆ ಕೊಟ್ಟವರ ಹೆಸರನ್ನೂ ಸೇರಿಸಿಡಿ. ಹೆಸರು ತಿಳಿಸದೆ ಯುಪಿಐನಲ್ಲಿ ಹಾಕಿದವರಿಗಾಗಿ ಶಾಲೆಯ ಹಲಗೆಯ ಮೇಲೆ ಆ ತಿಂಗಳ ಜಮಾ ಖರ್ಚು ಬರೆದು ಹಾಕಿ. ಸೀತಾ ಸರ್ಕಲ್ಲಿನ ಆಸುಪಾಸಿನಲ್ಲಿ ನನ್ನಂಥ ನಿವೃತ್ತರು, ಇನ್ನೂ ಕೈ ನಡುಗದೆ ಬರೆಯಬಲ್ಲವರು, ಶನಿವಾರ ಮಧ್ಯಾಹ್ನ ಕೂತು ನಿಮ್ಮ ಪರವಾಗಿ ಅಂಚೆ ಕಾರ್ಡು ಬರೆದುಕೊಡಲು ಸಿದ್ಧರಿದ್ದೇವೆ. ಏನಾಯಿತೆಂಬ ವಿವರ ನೀವು ಕೊಡಿ, ಸಹಿ ನಿಮ್ಮದಿರಲಿ. ಜೂನ್ ಮೊದಲ ಶನಿವಾರದಿಂದಲೇ ಶುರುಮಾಡಬಹುದು.

ಇಂತಿ,
ಗಿರಿನಗರದ ಒಬ್ಬ ನಿವೃತ್ತ ಅಧ್ಯಾಪಕಿ